ಟ್ಯುನೀಶಿಯನ್ ಕ್ರೋಶಾ: ಕತ್ತರಿ ಹೆಣಿಗೆಯ ಕ್ರಮ

ಚಳಿಗಾಲ ಸಮೀಪಿಸಿತೆಂದರೆ ಉತ್ತರ ಭಾರತದ ನಗರಗಳಲ್ಲಿ ನೆಲೆಸಿರುವ ಕನ್ನಡಿಗರ ಮನೆಗಳಲ್ಲಿಯೂ ಉಣ್ಣೆಯ ಉಂಡೆಗಳು ಹೊರಬರುತ್ತವೆ. ಎರಡು ಕಡ್ಡಿಗಳ ಹೆಣಿಗೆಯನ್ನೂ ಒಂದೇ ಕೊಕ್ಕೆಯ ಕ್ರೋಶಾವನ್ನೂ ಬಲ್ಲವರು ನಮ್ಮಲ್ಲಿ ಅನೇಕರು. ಇವೆರಡರ ಗುಣಗಳನ್ನೂ ಒಳಗೊಂಡ ಟ್ಯುನೀಶಿಯನ್ ಕ್ರೋಶಾ ಮಾತ್ರ ಅಷ್ಟಾಗಿ ಪರಿಚಿತವಲ್ಲ. 19ನೆಯ ಶತಮಾನದ ಮಧ್ಯಭಾಗದಲ್ಲಿ ಯುರೋಪಿನಲ್ಲಿ ಪ್ರಚಾರಕ್ಕೆ ಬಂದ ಈ ಕಲೆಗೆ ಅಫ್ಘನ್ ಕ್ರೋಶಾ ಎಂಬ ಹೆಸರೂ ಉಂಟು. ಇದರಲ್ಲಿ, ಕತ್ತರಿಯ ಅಲಗುಗಳಂತೆ ಎರಡು ಎಳೆಗಳು ಒಂದರ ಮೇಲೊಂದು ಹಾಯುವ ಹೆಣಿಗೆಯನ್ನು ಇಲ್ಲಿ ವಿವರಿಸುತ್ತೇವೆ.

ಇದಕ್ಕೆ ತುದಿಯಲ್ಲಿ ತಡೆಯಿರುವ ಉದ್ದನೆಯ ಕ್ರೋಶಾ ಕಡ್ಡಿ ಬೇಕು. ಪ್ರತಿ ಸಾಲಿಗೂ ಹೋಗುವ ನಡೆ, ಮರಳುವ ನಡೆ ಎಂಬ ಎರಡು ಹಂತಗಳಿವೆ, ಬಟ್ಟೆಯನ್ನು ತಿರುಗಿಸುವಂತಿಲ್ಲ. ಮಾದರಿಗಾಗಿ 20 ಸರಪಳಿ ಹಾಕಿರಿ. ಕಡ್ಡಿಯ ಮೇಲಿನ ಕುಣಿಕೆಯೇ ಮೊದಲನೆಯದು. ಎರಡನೆಯ ಸರಪಳಿಯಿಂದ ಒಂದೊಂದರಲ್ಲೂ ಕುಣಿಕೆ ಎಳೆದು ಕಡ್ಡಿಯಲ್ಲಿಯೇ ಉಳಿಸಿಕೊಂಡರೆ 20 ಕುಣಿಕೆಗಳಾಗುತ್ತವೆ. ಮರಳುವಾಗ ದಾರವನ್ನು ಸುತ್ತಿ ಮೊದಲು ಒಂದು ಕುಣಿಕೆಯಿಂದ, ಅನಂತರ ಎರಡೆರಡರಿಂದ ಎಳೆಯುತ್ತ ಬಂದು ಒಂದನ್ನು ಉಳಿಸಿರಿ. ಈಗ ಮುಂಭಾಗದಲ್ಲಿ ನೇರವಾಗಿ ನಿಂತ ಎಳೆಗಳು ಕಾಣುತ್ತವೆ.

ಎರಡನೆಯ ಸಾಲಿನಲ್ಲಿ ಕತ್ತರಿ ಆರಂಭ. ಅಂಚಿನ ಎಳೆಯನ್ನು ಬಿಟ್ಟು, ಮುಂದಿನ ಎಳೆಯನ್ನೂ ದಾಟಿ, ಅದರಾಚೆಯ ಎಳೆಯಡಿ ಕೊಕ್ಕೆ ತೂರಿಸಿ ಕುಣಿಕೆ ಎಳೆಯಿರಿ. ಬಳಿಕ ಹಿಂದಕ್ಕೆ ಬಂದು, ದಾಟಿದ ಎಳೆಯಡಿಯಿಂದ ಇನ್ನೊಂದನ್ನು ಎಳೆಯಿರಿ. ಎರಡನೆಯದು ಮೊದಲನೆಯದರ ಮುಂದೆ ಓರೆಯಾಗಿ ಹಾಯುತ್ತದೆ. ಹೀಗೆ 9 ಜೋಡಿಗಳಾದ ಮೇಲೆ ಕೊನೆಯ ಅಂಚಿನಲ್ಲಿ ಒಂದು. ಮರಳುವ ನಡೆ ಮೊದಲಿನಂತೆಯೇ. ಮೂರನೆಯ ಸಾಲಿನಲ್ಲಿ ಅಂಚಿನ ನಂತರ ಒಂದು ಸಾದಾ ಕುಣಿಕೆ, 8 ಜೋಡಿ, ಮತ್ತೊಂದು ಸಾದಾ ಕುಣಿಕೆ, ಕೊನೆಗೆ ಅಂಚು. ಹೀಗೆ ಸಾಲು ಬಿಟ್ಟು ಸಾಲು ಜೋಡಿಗಳನ್ನು ಸರಿಸಿದರೆ ಬುಟ್ಟಿ ಹೆಣೆದಂತಹ ವಿನ್ಯಾಸ ಮೂಡುತ್ತದೆ.

ನಮ್ಮ ಕಸೂತಿಯ ಮೆಂತಿ ಹೊಲಿಗೆಯಲ್ಲಿಯೂ ಎಳೆಗಳು ಹೀಗೆಯೇ ಅಡ್ಡಹಾಯುತ್ತವೆ. ಆದರೆ ಅಲ್ಲಿ ಸಿದ್ಧವಾದ ಬಟ್ಟೆಯ ಮೇಲೆ ಸೂಜಿ ಆಡುತ್ತದೆ. ಇಲ್ಲಿ ಅಡ್ಡಹಾಯುವಿಕೆಯಿಂದಲೇ ಬಟ್ಟೆ ಹುಟ್ಟುತ್ತದೆ. ಆದ್ದರಿಂದ ತಪ್ಪಿದರೆ ಬಟ್ಟೆಯೇ ತಪ್ಪುತ್ತದೆ.

ಇದನ್ನು ನಾವು ಅನುಭವದಿಂದಲೇ ಕಲಿತೆವು. ಮನೆಗೆ ಬರಲಿದ್ದ ಮಗುವಿಗಾಗಿ ಹೆಣೆಯುತ್ತಿದ್ದ ಹೊದಿಕೆ ಮೇಲೆ ಹೋದಂತೆ ಕಿರಿದಾಗುತ್ತಿತ್ತು. ಎಡತುದಿಯ ಎಳೆ ಬದಿಯಲ್ಲಿ ಅಡಗಿ ಕುಳಿತುಕೊಳ್ಳುವುದರಿಂದ ಹಲವು ಸಾಲುಗಳಲ್ಲಿ ಅದನ್ನು ಬಿಟ್ಟಿದ್ದೆವು. ಕಣ್ಣೊರೆಸಿಕೊಂಡು ಅಷ್ಟನ್ನೂ ಬಿಚ್ಚಬೇಕಾಯಿತು. ಮರಳುವ ಮುನ್ನ ಪ್ರತಿ ಬಾರಿಯೂ 20 ಕುಣಿಕೆಗಳಿವೆಯೇ ಎಂದು ಎಣಿಸಿದ್ದರೆ ಆ ಶ್ರಮ ತಪ್ಪುತ್ತಿತ್ತು.

ಕತ್ತರಿ ಹೆಣಿಗೆ ಬಿಗಿಯಾಗುವುದರಿಂದ ದಾರಕ್ಕೆ ಸೂಚಿಸಿದ ಅಳತೆಗಿಂತ 1–2 ಮಿ.ಮೀ. ದಪ್ಪನೆಯ ಕಡ್ಡಿ ಲೇಸು. ಅಂಚು ಸುರುಳಿಗೊಳ್ಳುವುದು ಈ ಕಲೆಯ ಸ್ವಭಾವ. ಸಡಿಲವಾಗಿ ಹೆಣೆದರೆ ಕಡಿಮೆಯಾಗುತ್ತದೆ. ಶುದ್ಧ ಉಣ್ಣೆಯಾದರೆ ಒದ್ದೆ ಮಾಡಿ, ಹರಡಿ, ಗುಂಡುಸೂಜಿ ಚುಚ್ಚಿ ಒಣಗಿಸಬಹುದು. ಅಕ್ರಿಲಿಕ್ ದಾರಕ್ಕೆ ಇಸ್ತ್ರಿ ತಾಗಿಸಬಾರದು. ಬಿಸಿಗೆ ಅದು ಮತ್ತೆ ಸರಿಯಾಗದಂತೆ ಜೋಲುತ್ತದೆ.

ಆ ಹೊದಿಕೆ ತಡವಾಗಿಯಾದರೂ ಮುಗಿಯಿತು. ಅದನ್ನು ಹೊದ್ದು ಮಗು ಮಲಗಿದುದನ್ನು ಕಂಡಾಗ ಬಿಚ್ಚಿದ ಸಾಲುಗಳ ಬೇಸರ ಉಳಿಯಲಿಲ್ಲ. ಓದುಗ ಸೋದರಿಯರು ಮೊದಲು ಅಂಗೈಯಗಲದ ತುಂಡೊಂದನ್ನು ಹೆಣೆದು ನೋಡಲಿ.