ನಾದ ನುಡಿಯುವ ಮರ

ಸ್ಪೇನ್ ದೇಶದ ಬಾರ್ಸಿಲೋನಾ ನಗರದ ಸಂಗೀತ ವಸ್ತುಸಂಗ್ರಹಾಲಯದಲ್ಲಿ ವಿಚಿತ್ರವಾದ ಗಿಟಾರೊಂದಿದೆ. ಅದರ ಎದೆಹಲಗೆ ಮರದ್ದು. ಆದರೆ ಬೆನ್ನೂ ಪಕ್ಕೆಗಳೂ ಕಾಗದದ ರಟ್ಟಿನವು. 1862ರಲ್ಲಿ ಇದನ್ನು ನಿರ್ಮಿಸಿದವನು ಆಂಟೋನಿಯೊ ಡಿ ಟೊರೆಸ್. 1817ರಲ್ಲಿ ಅಲ್ಮೆರಿಯ ಪ್ರಾಂತದಲ್ಲಿ ಜನಿಸಿ, ಬಡಗಿಯ ಕಸುಬನ್ನು ಕಲಿತು, ಸೆವಿಲ್ ನಗರದಲ್ಲಿ ಗಿಟಾರ್ ತಯಾರಕನಾಗಿ ಕೀರ್ತಿ ಪಡೆದ ಈತನೇ ಇಂದಿನ ಶಾಸ್ತ್ರೀಯ ಗಿಟಾರಿನ ರೂಪವನ್ನು ಬಹುಮಟ್ಟಿಗೆ ನಿಶ್ಚಯಿಸಿದವನು. ವಾದ್ಯದ ನಾದಕ್ಕೆ ಮುಖ್ಯ ಆಧಾರ ಎದೆಹಲಗೆಯೇ ಹೊರತು ಬೆನ್ನಿನ ಮರವಲ್ಲವೆಂದು ತೋರಿಸಲು ಅವನು ಈ ರಟ್ಟಿನ ವಾದ್ಯವನ್ನು ಮಾಡಿದನು.

ಅವನ ಮಾತಿನಲ್ಲಿ ಹುರುಳಿದೆ. ತಂತಿಯು ತೀರ ಸಣ್ಣದು. ತಾನಾಗಿ ಅದು ಅಲುಗಿಸಬಲ್ಲ ಗಾಳಿ ಅತ್ಯಲ್ಪ. ಆದುದರಿಂದ ತಂತಿಯ ಕಂಪನವು ಕುದುರೆಯ ಮೂಲಕ ಎದೆಹಲಗೆಗೆ ಇಳಿಯಬೇಕು; ಆ ಅಗಲವಾದ ಹಲಗೆ ಕಂಪಿಸಿ ಗಾಳಿಯನ್ನು ಅಲುಗಿಸಬೇಕು. ಇದಕ್ಕೆ ಹಲಗೆ ಹಗುರವಾಗಿರಬೇಕು, ಆದರೆ ತಂತಿಗಳ ಎಳೆತಕ್ಕೆ ಬಾಗದಷ್ಟು ಬಿಗಿಯಾಗಿಯೂ ಇರಬೇಕು. ಯೂರೋಪಿನ ಬೆಟ್ಟಗಳ ಚಳಿಯಲ್ಲಿ ನಿಧಾನವಾಗಿ ಬೆಳೆಯುವ ಸ್ಪ್ರೂಸ್ ಮರದಲ್ಲಿ ಈ ಎರಡು ಗುಣಗಳೂ ಕೂಡಿವೆ. 1960ರ ದಶಕದಲ್ಲಿ ಮ್ಯಾಡ್ರಿಡ್ಡಿನ ಮೂರನೆಯ ಹೋಸೆ ರಮಿರೆಸ್ ಉತ್ತರ ಅಮೆರಿಕದ ಕೆಂಪು ಸೀಡರನ್ನೂ ಬಳಕೆಗೆ ತಂದನು.

ಮರವನ್ನು ಆರಿಸುವುದೇ ಅರ್ಧ ವಿದ್ಯೆ. ಬೆಳವಣಿಗೆಯ ಗೆರೆಗಳು ಹಲಗೆಯ ದಪ್ಪದಲ್ಲಿ ನೆಟ್ಟಗೆ ನಿಲ್ಲುವಂತೆ ದಿಮ್ಮಿಯನ್ನು ಸೀಳುತ್ತಾರೆ. ಹಲವು ವರ್ಷ ಒಣಗಿಸುತ್ತಾರೆ. ಒಂದೇ ತುಂಡನ್ನು ಎರಡಾಗಿ ಸೀಳಿ, ಪುಸ್ತಕವನ್ನು ತೆರೆದಂತೆ ಬಿಡಿಸಿ, ನಡುವೆ ಬೆಸೆಯುತ್ತಾರೆ. ಅನಂತರ ತಯಾರಕನು ಅದನ್ನು ತೋಪಡಾದಿಂದ ಎರಡು ಎರಡೂವರೆ ಮಿಲಿಮೀಟರಿನಷ್ಟು ತೆಳುವಾಗಿಸುತ್ತಾನೆ. ಎಲ್ಲಿ ನಿಲ್ಲಿಸಬೇಕೆಂಬುದನ್ನು ಅಳತೆಗೋಲೊಂದೇ ಹೇಳಲಾರದು. ಅವನು ಹಲಗೆಯನ್ನು ಬಾಗಿಸಿ ನೋಡುತ್ತಾನೆ, ಬೆರಳಿನಿಂದ ತಟ್ಟಿ ಕಿವಿಗೊಡುತ್ತಾನೆ. ಎರಡು ಹಲಗೆಗಳು ಎಂದೂ ಒಂದೇ ಸಮನಾಗಿರುವುದಿಲ್ಲವಾದ್ದರಿಂದ ಕೈಕೆಲಸಕ್ಕೆ ಇಲ್ಲಿ ಇನ್ನೂ ಬೆಲೆಯಿದೆ. ಹಲಗೆಯ ಒಳಮೈಗೆ ಬೀಸಣಿಗೆಯಂತೆ ಹರಡಿದ ಸಣ್ಣ ಪಟ್ಟಿಗಳನ್ನು ಅಂಟಿಸುವ ಕ್ರಮವನ್ನು ಪರಿಷ್ಕರಿಸಿದವನೂ ಟೊರೆಸನೇ.

ಹಾಗಾದರೆ ಬೆನ್ನಿನ ಮರಕ್ಕೆ ಪಾತ್ರವೇ ಇಲ್ಲವೆ? ಆಂಡಲೂಸಿಯದ ಫ್ಲಮೆಂಕೊ ಗಿಟಾರಿನ ಬೆನ್ನು ಪಕ್ಕೆಗಳು ಸಾಂಪ್ರದಾಯಿಕವಾಗಿ ಸೈಪ್ರೆಸ್ ಮರದವು. ಅದು ಸ್ಪೇನಿನಲ್ಲಿಯೇ ದೊರೆಯುವ, ಹಗುರವಾದ, ಅಗ್ಗದ ಮರ. ಗಾಯಕನ ಕೂಗಿಗೂ ನರ್ತಕಿಯ ಹಿಮ್ಮಡಿಯ ಬಡಿತಕ್ಕೂ ಜೊತೆಗೊಡಬೇಕಾದ ಈ ವಾದ್ಯದ ಸ್ವರ ಥಟ್ಟನೆ ಚಿಮ್ಮಿ ಬೇಗನೆ ಅಡಗಬೇಕು. ತಂತಿಗಳು ಮೆಟ್ಟಿಲುಗಳಿಗೆ ತೀರ ಹತ್ತಿರವಿರುತ್ತವೆ; ವಾದಕನು ಬೆರಳಿನಿಂದ ತಾಳ ಕುಟ್ಟುವ ಕಡೆ ಎದೆಹಲಗೆಗೆ ರಕ್ಷಣೆಯ ಪಟ್ಟಿಯಿರುತ್ತದೆ. ಶಾಸ್ತ್ರೀಯ ಗಿಟಾರಿಗಾದರೋ ತುಂಬಿದ, ದೀರ್ಘವಾಗಿ ನಿಲ್ಲುವ ನಾದ ಬೇಕು. ಅದಕ್ಕೆ ಬ್ರೆಜಿಲ್ ದೇಶದ ಬೀಟೆಯೇ ಶ್ರೇಷ್ಠವೆಂದು ಬಹುಕಾಲ ನಂಬಲಾಗಿತ್ತು.

ಆ ನಂಬಿಕೆಗೆ ಕಾಡು ಬೆಲೆ ತೆತ್ತಿತು. ಬೀಟೆ ಮಂದಗತಿಯಲ್ಲಿ ಬೆಳೆಯುವ ಮರ. ಕಡಿದಷ್ಟು ಬೇಗ ಮತ್ತೆ ಬಾರದು. ಪೀಠೋಪಕರಣಗಳಿಗಾಗಿ, ವ್ಯವಸಾಯಕ್ಕಾಗಿ, ಅಲ್ಪಭಾಗ ವಾದ್ಯಗಳಿಗಾಗಿಯೂ ಬ್ರೆಜಿಲಿನ ಕಾಡು ಬರಿದಾಯಿತು. 1992ರಲ್ಲಿ ಅದರ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಷೇಧಿಸಲಾಯಿತು. ಅಷ್ಟರಲ್ಲಾಗಲೇ ತಯಾರಕರು ಭಾರತದ ಬೀಟೆಯತ್ತ ತಿರುಗಿದ್ದರು. ಕೊಡಗು, ಚಿಕ್ಕಮಗಳೂರುಗಳ ಕಾಡಿನಲ್ಲಿ ಬೆಳೆಯುವ, ಮೈಸೂರಿನ ಕುಶಲಕರ್ಮಿಗಳು ಚಿತ್ರ ಕೂರಿಸುವ ಅದೇ ಕಪ್ಪು ನಸುನೇರಳೆಯ ಮರ ಇಂದು ಸ್ಪೇನಿನ ಗಿಟಾರುಗಳ ಬೆನ್ನಾಗಿದೆ. ಇದರ ವ್ಯಾಪಾರವೂ 2017ರಿಂದ ಅಂತರರಾಷ್ಟ್ರೀಯ ನಿಯಂತ್ರಣಕ್ಕೆ ಒಳಪಟ್ಟಿತು. ಸಿದ್ಧವಾದ ವಾದ್ಯಗಳಿಗೆ 2019ರಲ್ಲಿ ವಿನಾಯಿತಿ ದೊರೆಯಿತು.

2018ರಲ್ಲಿ ಬ್ರಿಟನ್ನಿನ ಸಂಶೋಧಕರು ಒಂದು ಪ್ರಯೋಗವನ್ನು ಪ್ರಕಟಿಸಿದರು. ಬೆನ್ನು ಪಕ್ಕೆಗಳ ಮರವೊಂದರ ಹೊರತು ಉಳಿದೆಲ್ಲ ವಿಷಯಗಳಲ್ಲಿ ಸಮಾನವಾದ ಆರು ಗಿಟಾರುಗಳನ್ನು 52 ಮಂದಿ ವಾದಕರು ಮರ ಕಾಣದಂತೆ ನುಡಿಸಿದರು. ಬ್ರೆಜಿಲಿನ ಬೀಟೆಗೂ ಅಗ್ಗದ ಮರಗಳಿಗೂ ಅವರು ಬಹುಮಟ್ಟಿಗೆ ಒಂದೇ ಮನ್ನಣೆ ಕೊಟ್ಟರು. ಆ ವಾದ್ಯಗಳು ಉಕ್ಕಿನ ತಂತಿಯವು, ಸ್ಪೇನಿನ ಮಾದರಿಯವಲ್ಲ ಎಂಬುದು ನಿಜ. ಆದರೂ ಕೆಲವು ತಯಾರಕರು ಮೇಪಲ್, ವಾಲ್‌ನಟ್ ಮರಗಳಲ್ಲಿ ಶಾಸ್ತ್ರೀಯ ಗಿಟಾರುಗಳನ್ನು ಮಾಡುತ್ತಿದ್ದಾರೆ. ಕೊಳ್ಳಲು ಬಂದವರಲ್ಲಿ ಅನೇಕರು ಇನ್ನೂ ಬೀಟೆಯನ್ನೇ ಕೇಳುತ್ತಾರೆ.