ಕನಸಿನ ಪುಸ್ತಕದಿಂದ ರಂಗಕ್ಕೆ ಬಂದ ಸುಲ್ತಾನ

ನಂಜನಗೂಡಿನ ಪಚ್ಚೆ ಲಿಂಗದ ಕಥೆ ಈ ಸೀಮೆಯವರಿಗೆ ಹೊಸದಲ್ಲ. ಟಿಪ್ಪು ಸುಲ್ತಾನನ ಆನೆಗೆ ಬಂದ ಕಣ್ಣುಬೇನೆ ನಂಜುಂಡೇಶ್ವರನ ಕೃಪೆಯಿಂದ ವಾಸಿಯಾಯಿತು, ಸುಲ್ತಾನ ದೇವರನ್ನು ‘ಹಕೀಂ ನಂಜುಂಡ’ ಎಂದು ಕರೆದು ಲಿಂಗ ಒಪ್ಪಿಸಿದ ಎಂಬುದು ಪ್ರತೀತಿ. ಜನರ ಬಾಯಲ್ಲಿ ಹೀಗೆ ಉಳಿದ ದೊರೆ ಗಿರೀಶ ಕಾರ್ನಾಡರ ನಾಟಕಕ್ಕೆ ಬಂದದ್ದು ತಾನೇ ಬರೆದಿಟ್ಟ ಪುಸ್ತಕವೊಂದರ ಮೂಲಕ.

1799ರ ಮೇ 4ರಂದು ಶ್ರೀರಂಗಪಟ್ಟಣ ಈಸ್ಟ್ ಇಂಡಿಯಾ ಕಂಪನಿಯ ಸೇನೆಯ ಕೈಗೆ ಬಿತ್ತು, ಟಿಪ್ಪು ಮಡಿದ. ಆಮೇಲೆ ಅರಮನೆಯ ಕಾಗದಪತ್ರಗಳನ್ನು ಶೋಧಿಸಿದ ಕರ್ನಲ್ ವಿಲಿಯಂ ಕರ್ಕ್‌ಪ್ಯಾಟ್ರಿಕ್‌ಗೆ ಸುಲ್ತಾನನ ಮಲಗುವ ಕೋಣೆಯಲ್ಲಿ ಪಾರಸಿ ಭಾಷೆಯ ಪುಸ್ತಕವೊಂದು ಸಿಕ್ಕಿತು. ಯಾರಿಗೂ ತೋರಿಸದೆ ಟಿಪ್ಪು ಅದರಲ್ಲಿ ತನ್ನ 37 ಕನಸುಗಳನ್ನು ದಾಖಲಿಸಿದ್ದ. ಒಂದರಲ್ಲಿ ಚೀನಾದ ಬಾದಶಹ ಬಿಳಿ ಆನೆ ಕಳುಹಿಸುತ್ತಾನೆ. ಇನ್ನೊಂದರಲ್ಲಿ ಗಂಡಿನ ವೇಷದಲ್ಲಿ ಬಂದವರು ಹೆಣ್ಣಾಗಿ ಕಾಣುತ್ತಾರೆ. ಅದು ಮರಾಠರನ್ನು ಕುರಿತದ್ದೆಂದು ಅವನೇ ಅರ್ಥ ಹೇಳಿಕೊಂಡಿದ್ದಾನೆ. ಆ ಪುಸ್ತಕ ಲಂಡನ್ನಿಗೆ ಹೋಯಿತು, ಈಗಲೂ ಅಲ್ಲಿಯೇ ಇದೆ.

ಈ ಕನಸುಗಳತ್ತ ಕಾರ್ನಾಡರ ಗಮನ ಸೆಳೆದವರು ಗೆಳೆಯ ಎ.ಕೆ. ರಾಮಾನುಜನ್. ಭಾರತದ ಸ್ವಾತಂತ್ರ್ಯಕ್ಕೆ 50 ವರ್ಷ ತುಂಬಿದಾಗ ಬಿಬಿಸಿ ಕಾರ್ನಾಡರಿಂದ ರೇಡಿಯೊ ನಾಟಕ ಬರೆಸಿತು. 1997ರಲ್ಲಿ ಇಂಗ್ಲಿಷಿನಲ್ಲಿ ಪ್ರಸಾರವಾದ ಅದೇ ನಾಟಕ ಮುಂದೆ ಕನ್ನಡದಲ್ಲಿ ‘ಟಿಪ್ಪು ಸುಲ್ತಾನ ಕಂಡ ಕನಸು’ ಆಯಿತು.

ನಾಟಕದ ಜೀವ ಇರುವುದು ಕಥೆ ಹೇಳುವವರಲ್ಲಿ. ಒಬ್ಬ ಸುಲ್ತಾನನ ಆಶ್ರಯದಲ್ಲಿದ್ದ ಇತಿಹಾಸಕಾರ ಕಿರ್ಮಾನಿ. ಇನ್ನೊಬ್ಬ ಗೆದ್ದ ಕಂಪನಿಯ ಕಾಲಿನ್ ಮೆಕೆಂಜಿ. ಇವರ ಮಾತುಕತೆಯೊಳಗಿಂದ ಟಿಪ್ಪುವಿನ ಬದುಕು ದೃಶ್ಯ ದೃಶ್ಯವಾಗಿ ಏಳುತ್ತದೆ. 1792ರ ಒಪ್ಪಂದದಲ್ಲಿ ಅರ್ಧ ರಾಜ್ಯ, 3 ಕೋಟಿ 30 ಲಕ್ಷ ರೂಪಾಯಿ ಕೇಳಿದ ಕಂಪನಿಯ ಗವರ್ನರ್ ಜನರಲ್ ಕಾರ್ನ್‌ವಾಲಿಸ್, ಒತ್ತೆಗೆ ಇಬ್ಬರು ಮಕ್ಕಳನ್ನೂ ಪಡೆದ. ಆ ಮಕ್ಕಳನ್ನು ಕಳಿಸಿಕೊಡಬೇಕಾದ ತಂದೆಯ ಸಂಕಟದ ಮುಂದೆ ರಣರಂಗದ ಅಬ್ಬರವೆಲ್ಲ ಸಪ್ಪೆ. ಹುಲಿಯ ಬಿರುದಿನ ಹಿಂದಿದ್ದ ಮನುಷ್ಯನನ್ನು ಕನಸುಗಳು ಹೊರತಂದವು ಎಂಬುದೇ ಈ ನಾಟಕದ ದೊಡ್ಡ ಗಳಿಕೆ.

ಟಿಪ್ಪುವಿನ ಬಗೆಗಿನ ವಾದ ಮುಗಿದಿಲ್ಲ. 2022ರಲ್ಲಿ ಮೈಸೂರಿನ ರಂಗಾಯಣ ‘ಟಿಪ್ಪು ನಿಜ ಕನಸುಗಳು’ ಎಂಬ ಬೇರೆಯೇ ನಿಲುವಿನ ನಾಟಕ ಆಡಿತು. ವಾದ ರಂಗದ ಮೇಲೆ ನಡೆಯುವುದು ಒಳ್ಳೆಯದೇ. ಡ್ರಾಮಾ ಮೇಷ್ಟ್ರನ್ನು ಕರೆಸಿ, ಸೀನರಿ ಬಾಡಿಗೆಗೆ ತಂದು ‘ಕುರುಕ್ಷೇತ್ರ’ ಆಡುವ ಹಳ್ಳಿಗಳು ನಮ್ಮಲ್ಲಿ ಬೇಕಾದಷ್ಟಿವೆ. ತಾಂಡ್ಯದಿಂದ ತಿ. ನರಸೀಪುರದವರೆಗಿನ ಯುವಕ ಯುವತಿಯರು ಒಮ್ಮೆ ಕಾರ್ನಾಡರ ಈ ನಾಟಕವನ್ನೂ ಕೈಗೆತ್ತಿಕೊಳ್ಳಲಿ. ನಮ್ಮ ನೆಲದ ಚರಿತ್ರೆಯನ್ನು ನಾವೇ ಆಡಿ, ನೋಡಿ, ಆಮೇಲೆ ತೀರ್ಪು ಹೇಳೋಣ.