ನೈವಾಷಾದ ಅಂತರಗಂಗೆ, ನಮ್ಮೂರ ಬೋರ್‌ವೆಲ್ ನೀರು

ರಿವರ್‌ಸೈಡ್‌ನಿಂದ ನೈವಾಷಾ ಸರೋವರ ಸುಮಾರು ಎರಡು ಗಂಟೆಯ ದಾರಿ. ಹಿಪ್ಪೋ ತೋರಿಸಲೆಂದು ಮಕ್ಕಳನ್ನು ಅಲ್ಲಿ ದೋಣಿ ಹತ್ತಿಸಿದ್ದರೆ, ನೀರಿನ ಮೇಲೆ ಹಾಸಿಕೊಂಡಿರುವ ಹಸಿರು ಗಿಡಗಳನ್ನು ನೀವು ನೋಡಿಯೇ ಇರುತ್ತೀರಿ. ದೋಣಿಯವರು ವಾಟರ್ ಹಯಸಿಂತ್ ಅಂದರೆ ನೀವು ‘ಅಂತರಗಂಗೆ’ ಎನ್ನಿ. ನಮ್ಮ ಕಡೆಯ ಕೆರೆಗಳಲ್ಲೂ ಇದೇ ಇದೆ. ಮುಂದಿನ ರಜೆಯಲ್ಲಿ ಮಕ್ಕಳೇ ಗುರುತಿಸುತ್ತಾರೆ.

‘ಇಷ್ಟೊಂದು ಯಾಕೆ ಬೆಳೆದಿದೆ?’ ಎಂದು ಕೇಳಿದರೆ ಉತ್ತರವೂ ಕನ್ನಡದಲ್ಲೇ ಇರಲಿ. ನೀರಿಗೆ ಗೊಬ್ಬರ ಸೇರಿದೆ. ಸುತ್ತಲಿನ ಹೊಲ, ಹೂವಿನ ತೋಟ, ಊರಿನ ಚರಂಡಿಗಳಿಂದ ಸಾರಜನಕ, ರಂಜಕ ಹರಿದು ಬರುತ್ತವೆ. ಬೆಳೆಗೆಂದು ಹಾಕಿದ್ದನ್ನು ಕಳೆ ತಿನ್ನುತ್ತಿದೆ.

ತಾತನ ಗದ್ದೆಯ ಕಥೆಯೂ ಬೇರೆಯಲ್ಲ. 45 ಕೆ.ಜಿ. ಯೂರಿಯಾ ಮೂಟೆಯಲ್ಲಿ ಸುಮಾರು 20 ಕೆ.ಜಿ. ಸಾರಜನಕವಿರುತ್ತದೆ. ಭತ್ತದ ಗದ್ದೆಯಲ್ಲಿ ಎಷ್ಟೋ ಸಲ ಅದರ ಅರ್ಧವೂ ಪೈರಿಗೆ ದಕ್ಕುವುದಿಲ್ಲ. ಉಳಿದದ್ದು ಗಾಳಿಗೆ ಹಾರುತ್ತದೆ, ಮಳೆನೀರಿನಲ್ಲಿ ಹರಿಯುತ್ತದೆ, ನೈಟ್ರೇಟ್ ಆಗಿ ಅಂತರ್ಜಲಕ್ಕೆ ಇಳಿಯುತ್ತದೆ. ದಿನದ ಮುದ್ದೆಯನ್ನೆಲ್ಲ ಬೆಳಿಗ್ಗೆಯೇ ಬಡಿಸಿದರೆ ಎಷ್ಟು ತಿನ್ನುತ್ತೀಯ ಎಂದು ಮಗುವನ್ನು ಕೇಳಿ ನೋಡಿ. ಮೇಲುಗೊಬ್ಬರವನ್ನು ಕಂತು ಕಂತಾಗಿ ಕೊಡುವುದು ಇದಕ್ಕೇ. 2015ರಿಂದ ಭಾರತದಲ್ಲಿ ತಯಾರಾಗುವ ಯೂರಿಯಾಕ್ಕೆಲ್ಲ ಬೇವಿನ ಎಣ್ಣೆ ಲೇಪಿಸಬೇಕೆಂದು ಮಾಡಿದ್ದೂ ಅದು ನಿಧಾನವಾಗಿ ಬಿಡುಗಡೆಯಾಗಲಿ ಎಂದೇ.

ವಿಡಿಯೊ ಕಾಲ್‌ನಲ್ಲಿ ‘ಅಕ್ಕಡಿ ಸಾಲು ಅಂದರೇನು ತಾತ?’ ಎಂದು ಮಕ್ಕಳಿಂದ ಕೇಳಿಸಿ. ಬಣ್ಣ, ಹಣ್ಣುಗಳ ಹೆಸರು ಬಾಯಿಪಾಠ ಮಾಡಿಸುವುದಕ್ಕಿಂತ ಇದು ವಾಸಿ, ಮಾತು ಅರ್ಧ ಗಂಟೆ ನಡೆಯುತ್ತದೆ. ರಾಗಿಯ ನಡುವೆ ಸಾಲುಸಾಲಾಗಿ ಅವರೆ, ತೊಗರಿ, ಅಲಸಂದೆ. ಅವುಗಳ ಬೇರಿನ ಗಂಟುಗಳಲ್ಲಿರುವ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನೇ ಹಿಡಿದು ಕೊಡುತ್ತವೆ; ಯೂರಿಯಾ ಅಷ್ಟು ಕಡಿಮೆ ಸಾಕು.

ನೈರೋಬಿಯವರಿಗೆ ಇನ್ನೊಂದು ನಂಟೂ ಇದೆ. 2019ರ ಮಾರ್ಚ್‌ನಲ್ಲಿ ಇಲ್ಲೇ ಗಿಗಿರಿಯಲ್ಲಿ ಸೇರಿದ್ದ ವಿಶ್ವಸಂಸ್ಥೆಯ ಪರಿಸರ ಸಭೆ, ಸಾರಜನಕದ ಸುಸ್ಥಿರ ನಿರ್ವಹಣೆಯ ನಿರ್ಣಯವನ್ನು ಅಂಗೀಕರಿಸಿತು. ಅದನ್ನು ಮುಂದಿಟ್ಟದ್ದು ಭಾರತ.

ಆದರೆ ನಿರ್ಣಯ ಆಗುವುದಕ್ಕೂ ಬಾವಿಯ ನೀರು ತಿಳಿಯಾಗುವುದಕ್ಕೂ ನಡುವೆ ವರ್ಷಗಳು ಬೇಕು. ಅಷ್ಟರಲ್ಲಿ ಕೈಗೂಸನ್ನು ಎತ್ತಿಕೊಂಡು ಊರಿಗೆ ಹೊರಟವರು ಒಂದು ವಿಷಯ ತಿಳಿದಿರಲೇಬೇಕು. ಅಂತರ್ಜಲದಲ್ಲಿ ನೈಟ್ರೇಟ್ ಹೆಚ್ಚಿರುವ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಗೊಬ್ಬರದ ಜೊತೆ ಕೊಳಚೆ ನೀರೂ ಇದಕ್ಕೆ ಕಾರಣ. ಭಾರತದಲ್ಲಿ ಕುಡಿಯುವ ನೀರಿಗೆ ಮಿತಿ ಲೀಟರಿಗೆ 45 ಮಿಲಿಗ್ರಾಂ. ಆರು ತಿಂಗಳೊಳಗಿನ ಮಗುವಿಗೆ ಅದಕ್ಕಿಂತ ಹೆಚ್ಚಿರುವ ನೀರಿನಲ್ಲಿ ಪುಡಿ ಹಾಲು ಕಲಸಿ ಕೊಟ್ಟರೆ, ರಕ್ತ ಆಮ್ಲಜನಕ ಸಾಗಿಸುವ ಶಕ್ತಿ ಕಳೆದುಕೊಂಡು ತುಟಿ, ಉಗುರು ನೀಲಿಗಟ್ಟಬಹುದು. ಹಾಗಾದರೆ ತಡ ಮಾಡದೆ ಆಸ್ಪತ್ರೆಗೆ ಹೋಗಿ. ‘ಕುದಿಸಿ ಆರಿಸಿದ ನೀರು ಕಣೇ’ ಎಂದು ಅಜ್ಜಿ ಧೈರ್ಯ ಹೇಳುತ್ತಾರೆ. ಕುದಿಸಿದರೆ ರೋಗಾಣು ಸಾಯುತ್ತವೆ, ನೈಟ್ರೇಟ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಅದು ಗಟ್ಟಿಯಾಗುತ್ತದೆ. ಆರ್‌ಒ ಯಂತ್ರ ಅದನ್ನು ಬಹುಮಟ್ಟಿಗೆ ತೆಗೆಯುತ್ತದೆ, ಸಾಮಾನ್ಯ ಫಿಲ್ಟರ್ ತೆಗೆಯುವುದಿಲ್ಲ. ಟಿಕೆಟ್ ಕಾಯ್ದಿರಿಸುವಾಗಲೇ ಮನೆಯವರಿಗೆ ಹೇಳಿ, ಬೋರ್‌ವೆಲ್ ನೀರನ್ನು ಒಮ್ಮೆ ಪರೀಕ್ಷೆಗೆ ಕೊಡಿಸಿ.